ಸಾಫ್ಟ್‌ಡಾಗ್ ಮತ್ತು ಹಾರ್ಡ್‌ವೇರ್ ವಾಚ್‌ಡಾಗ್: ಒಂದೇ ಬೋರ್ಡಿನ ಮೇಲೆ ಹೋಲಿಕೆ

ವಾಚ್‌ಡಾಗ್ ಎಂದರೆ ನಿಗದಿತ ಅವಧಿಯೊಳಗೆ ಯಾರೂ ಮರುಹೊಂದಿಸದಿದ್ದರೆ ಯಂತ್ರವನ್ನು ರೀಬೂಟ್ ಮಾಡಿಸುವ ಕಾವಲು ಎಣಿಕೆ. ಸ್ತಬ್ಧವಾದ ಯಂತ್ರವನ್ನು ತಾನಾಗಿಯೇ ರೀಬೂಟ್ ಮಾಡಿಸಲು ಲಿನಕ್ಸ್ ಕರ್ನಲ್‌ನಲ್ಲಿ (ಕಾರ್ಯಾಚರಣ ವ್ಯವಸ್ಥೆಯ ತಿರುಳಿನಲ್ಲಿ) ಇಂಥ ಎರಡು ಬಗೆಯ ಡ್ರೈವರುಗಳಿವೆ. ಸಾಫ್ಟ್‌ಡಾಗ್ ಕರ್ನಲ್‌ನ ಟೈಮರನ್ನೇ ನೆಚ್ಚಿಕೊಂಡಿದೆ. ಹಾರ್ಡ್‌ವೇರ್ ಡ್ರೈವರ್ ಚಿಪ್‌ನೊಳಗಿನ ಪ್ರತ್ಯೇಕ ಕೌಂಟರನ್ನು ನಡೆಸುತ್ತದೆ. ಎರಡನ್ನೂ ಒಂದೇ ಕೋರ್ ಇರುವ ರಾಸ್ಪ್‌ಬೆರಿ ಪೈ ಜೀರೋ ಬೋರ್ಡಿನ ಮೇಲೆ ಪರೀಕ್ಷಿಸಿದೆ.

10 ಸೆಕೆಂಡಿಗೊಮ್ಮೆ ವಾಚ್‌ಡಾಗ್ ಫೈಲಿಗೆ ಒಂದು ಬೈಟ್ ಬರೆದು ಎಣಿಕೆಯನ್ನು ಮರುಹೊಂದಿಸುವ ಪುಟ್ಟ ಪ್ರೋಗ್ರಾಮನ್ನು ಸಿಗ್‌ಸ್ಟಾಪ್ (ತಡೆಹಿಡಿಯುವ ಸಂಕೇತ) ಕಳಿಸಿ ನಿಲ್ಲಿಸಿದಾಗ ಎರಡರಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. 60 ಸೆಕೆಂಡಿನ ಅವಧಿ ಮುಗಿಯುತ್ತಲೇ ಬೋರ್ಡ್ ರೀಬೂಟ್ ಆಯಿತು. ವ್ಯತ್ಯಾಸ ಬಯಲಾದದ್ದು ಇಂಟರಪ್ಟ್‌ಗಳನ್ನು (ಪ್ರೊಸೆಸರಿನ ಗಮನ ಸೆಳೆಯುವ ಹಾರ್ಡ್‌ವೇರ್ ಸಂಕೇತಗಳನ್ನು) ಮುಚ್ಚಿ ಕೊನೆಯಿಲ್ಲದ ಲೂಪಿಗೆ ಇಳಿಯುವ ಮಾಡ್ಯೂಲೊಂದನ್ನು (ಬೇಕಾದಾಗ ಕರ್ನಲ್‌ಗೆ ಸೇರಿಸುವ ತುಣುಕನ್ನು) ಲೋಡ್ ಮಾಡಿದಾಗ. ಸಾಫ್ಟ್‌ಡಾಗ್‌ನ ಟೈಮರ್ ಸದ್ದು ಮಾಡಬೇಕಾದರೂ ಇಂಟರಪ್ಟ್ ಬರಲೇಬೇಕಾದ್ದರಿಂದ, ತಾನು ಕಾಯಬೇಕಾದ ಕರ್ನಲ್‌ನ ಜೊತೆಗೆ ಅದೂ ಮಲಗಿತು. ಹಾರ್ಡ್‌ವೇರ್ ಕೌಂಟರ್‌ಗೆ ಈ ಹಂಗಿಲ್ಲ.

ಇಲ್ಲಿ ನನಗೆ ಹಿಡಿಸಿದ ಸಂಗತಿಯೊಂದಿದೆ. ಈ ಚಿಪ್‌ನ ಕೌಂಟರ್ 20 ಬಿಟ್‌ನದು, ಸೆಕೆಂಡಿಗೆ 65,536 ಎಣಿಕೆ. ಹಾಗಾಗಿ ಸುಮಾರು 16 ಸೆಕೆಂಡಿಗಿಂತ ಹೆಚ್ಚು ಕಾಯಲು ಅದಕ್ಕೆ ಸಾಧ್ಯವಿಲ್ಲ. ಈಚಿನ ಕರ್ನಲ್‌ಗಳಲ್ಲಿ 60 ಸೆಕೆಂಡ್ ಕೇಳಿದರೆ, ನಡುವಿನ ಅವಧಿಯಲ್ಲಿ ವಾಚ್‌ಡಾಗ್ ಕೋರ್ (ಕರ್ನಲ್‌ನಲ್ಲಿ ವಾಚ್‌ಡಾಗ್ ಡ್ರೈವರುಗಳಿಗೆ ಸಾಮಾನ್ಯವಾದ ಭಾಗ) ತಾನೇ ಕೌಂಟರನ್ನು ಮರುಹೊಂದಿಸುತ್ತಿರುತ್ತದೆ. ಪ್ರೋಗ್ರಾಂ ಸತ್ತರೆ ಒಂದು ನಿಮಿಷದ ಸಾವಕಾಶ, ಕರ್ನಲ್ ಸತ್ತರೆ 16 ಸೆಕೆಂಡಿನೊಳಗೆ ರೀಸೆಟ್: ಕೇಳದೆಯೇ ಸಿಕ್ಕ ಒಳ್ಳೆಯ ಏರ್ಪಾಡು.

ಡ್ರೈವರನ್ನು ಮಾಡ್ಯೂಲ್ ಆಗಿ ಇಡಬೇಕೋ ಕರ್ನಲ್‌ಗೇ ಸೇರಿಸಬೇಕೋ ಎಂಬ ಪ್ರಶ್ನೆಯನ್ನು ನಾನು ಮೊದಲು ಹಗುರವಾಗಿ ಕಂಡಿದ್ದೆ. ಎರಡೂ ಡ್ರೈವರುಗಳು ಮಾಡ್ಯೂಲ್‌ಗಳಾಗಿದ್ದ ಒಂದು ದಿನ ಹಾರ್ಡ್‌ವೇರ್ ಪರೀಕ್ಷೆಯೂ ಸೋತು, ಕೊನೆಗೆ ವಿದ್ಯುತ್ ತಂತಿಯನ್ನೇ ಕೀಳಬೇಕಾಯಿತು. ಮತ್ತೆ ಬೂಟ್ ಮಾಡಿ ವಾಚ್‌ಡಾಗ್‌ನ ವಿವರ ತೋರಿಸುವ ಡಬ್ಲ್ಯೂಡಿಸಿಟಿಎಲ್ ಆದೇಶ ಕೊಟ್ಟಾಗ ಅದು ತೋರಿಸಿದ ಹೆಸರು ‘ಸಾಫ್ಟ್‌ವೇರ್ ವಾಚ್‌ಡಾಗ್’. ಮೊದಲು ನೋಂದಣಿಯಾದ ಸಾಫ್ಟ್‌ಡಾಗ್ ಸೊನ್ನೆಯ ಸಂಖ್ಯೆ ಪಡೆದಿತ್ತು, ಸಂಖ್ಯೆಯಿಲ್ಲದ ವಾಚ್‌ಡಾಗ್ ಫೈಲ್ ಯಾವಾಗಲೂ ಅದಕ್ಕೇ ಸೇರುತ್ತದೆ. ನಿಜವಾದ ನಾಯಿ ಒಂದನೆಯ ಸಂಖ್ಯೆಯಲ್ಲಿ ಕೆಲಸವಿಲ್ಲದೆ ಕುಳಿತಿತ್ತು. ಅಂದಿನಿಂದ ಹಾರ್ಡ್‌ವೇರ್ ಡ್ರೈವರನ್ನು ಕರ್ನಲ್‌ನಲ್ಲೇ ಕಟ್ಟಿ, ಸಾಫ್ಟ್‌ಡಾಗನ್ನು ಸಂರಚನೆಯಿಂದಲೇ ತೆಗೆದಿದ್ದೇನೆ. ವಾಚ್‌ಡಾಗ್ ಸಾಧನವೇ ಇಲ್ಲದ ವರ್ಚುವಲ್ ಯಂತ್ರದಲ್ಲಿ ಮಾತ್ರ ಅದನ್ನು ಬಳಸುತ್ತೇನೆ.

ಕರ್ನಲನ್ನು ಲೋಡ್ ಮಾಡುವ ಬೂಟ್‌ಲೋಡರ್ ಆಗಲೇ ವಾಚ್‌ಡಾಗ್ ಆರಂಭಿಸಿದ್ದರೆ ಇನ್ನೊಂದು ಎಚ್ಚರ ಬೇಕು. ‘ಹ್ಯಾಂಡಲ್ ಬೂಟ್ ಎನೇಬಲ್ಡ್’ ಆಯ್ಕೆ ಚಾಲ್ತಿಯಲ್ಲಿದ್ದು ‘ಓಪನ್ ಟೈಮ್‌ಔಟ್’ ಸೊನ್ನೆಯಾಗಿದ್ದರೆ, ಯಾವ ಪ್ರೋಗ್ರಾಮೂ ಫೈಲನ್ನು ತೆರೆಯದಿದ್ದರೂ ಕರ್ನಲ್ ಕೌಂಟರನ್ನು ಅನಂತವಾಗಿ ಮರುಹೊಂದಿಸುತ್ತಲೇ ಇರುತ್ತದೆ. ನಾನು ‘ಓಪನ್ ಟೈಮ್‌ಔಟ್’ಗೆ 120 ಸೆಕೆಂಡ್ ಕೊಟ್ಟಿದ್ದೇನೆ.

‘ನೋವೇಔಟ್’ ಆಯ್ಕೆ ಎರಡೂ ಡ್ರೈವರುಗಳಿಗೆ ಸಮಾನ. ಅದನ್ನು ಚಾಲ್ತಿಗೊಳಿಸಿದರೆ, ಎಣಿಕೆಯನ್ನು ನಿಲ್ಲಿಸಲೆಂದು ಫೈಲನ್ನು ಮುಚ್ಚುವ ಮುನ್ನ ‘ವಿ’ ಅಕ್ಷರ ಬರೆದರೂ ಅದು ನಿಲ್ಲದು. ಪ್ರೋಗ್ರಾಮನ್ನು ತಿದ್ದಿ ತಿದ್ದಿ ಓಡಿಸುವ ದಿನಗಳಲ್ಲಿ ‘ನೋವೇಔಟ್’ ಅನ್ನು ಚಾಲ್ತಿಯಿಂದ ತೆಗೆದಿಟ್ಟಿರುತ್ತೇನೆ. ಇಲ್ಲವಾದರೆ ಪ್ರತಿ ಸಲವೂ ಹೊಸ ಕಂಪೈಲ್ ಮುಗಿಯುವ ಮುನ್ನವೇ ಬೋರ್ಡ್ ರೀಸೆಟ್ ಆಗಿರುತ್ತದೆ.