ಸ್ಯಾಂಟ್ರೋ ಜಿಂಗ್ ಟೈಮಿಂಗ್ ಬೆಲ್ಟ್ ಕಿಟ್: ಮನೆಯಲ್ಲೇ ಹಾಕಿ ಮೂರು ವರ್ಷ ಓಡಿಸಿದ ಮೇಲೆ

ಟೈಮಿಂಗ್ ಬೆಲ್ಟ್ ಅಂದರೆ ಎಂಜಿನ್‌ನ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಮತ್ತು ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ತಾಳ ತಪ್ಪದೆ ತಿರುಗುವಂತೆ ಜೋಡಿಸುವ ಹಲ್ಲಿನ ಬೆಲ್ಟು. ಮೊದಲೇ ಹೇಳಿಬಿಡುತ್ತೇನೆ, ಬೆಲ್ಟ್ ಚೆನ್ನಾಗಿದೆ. ಆದರೆ ಈ ಕೆಲಸದಲ್ಲಿ ಬೆಲ್ಟಿಗಿಂತ ಅದರ ಅಕ್ಕಪಕ್ಕ ಇರುವ ಸಾಮಾನೇ ಮುಖ್ಯ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್, ಆಯಿಲ್ ಹೊರಗೆ ಬರದಂತೆ ತಡೆಯುವ ಎರಡು ಆಯಿಲ್ ಸೀಲ್, ಮತ್ತೆ ಒಂದು ಹಟಮಾರಿ ಬೋಲ್ಟು. ಬರೀ ಬೆಲ್ಟ್ ಒಂದೇ ಬದಲಾಯಿಸುವುದಾದರೆ ಇಷ್ಟೆಲ್ಲ ಬಿಚ್ಚುವ ಕಷ್ಟವೇ ದಂಡ.

ಗಾಡಿ 2008ರ ಸ್ಯಾಂಟ್ರೋ ಜಿಂಗ್, 1086 ಸಿಸಿ ಪೆಟ್ರೋಲ್. ಮನೆ ಶಿವಮೊಗ್ಗದಲ್ಲಿ, ತೋಟ ಸಾಗರದ ಕಡೆ. ಹಾಗಾಗಿ ಆ ರಸ್ತೆಯ ಓಡಾಟ ತಪ್ಪುವುದಿಲ್ಲ. ಕಿಲೋಮೀಟರ್ ಲೆಕ್ಕದಲ್ಲಿ ಹಳೇ ಬೆಲ್ಟ್ ಇನ್ನೂ ಓಡಬಹುದಿತ್ತು. ವರ್ಷದ ಲೆಕ್ಕದಲ್ಲಿ ಅದರ ಕಾಲ ಮುಗಿದಿತ್ತು. ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಬೆಲ್ಟ್ ಅಂದರೆ ರಬ್ಬರ್, ಒಳಗೆ ಗಾಜಿನ ನಾರಿನ ಎಳೆ. ಗಾಡಿ ಶೆಡ್‌ನಲ್ಲಿ ನಿಂತೇ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ.

ಈ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೆ ಗಾಡಿ ಸುಮ್ನೆ ನಿಂತು ಹೋಗುವುದಿಲ್ಲ. ಕ್ಯಾಮ್ ಅಲ್ಲೇ ನಿಲ್ಲುತ್ತದೆ, ಪಿಸ್ಟನ್ ಮೇಲೆ ಬರುತ್ತಲೇ ಇರುತ್ತದೆ, ತೆರೆದುಕೊಂಡಿದ್ದ ವಾಲ್ವಿಗೆ ಬಡಿಯುತ್ತದೆ. ವಾಲ್ವ್ ಬಗ್ಗಿದರೆ ಹೆಡ್, ಅಂದರೆ ಎಂಜಿನ್‌ನ ಮೇಲ್ಭಾಗ, ಇಳಿಸಲೇಬೇಕು. ಇಷ್ಟು ಹಳೇ ಗಾಡಿಗೆ ಅಷ್ಟು ದುಡ್ಡು ಯಾರು ಹಾಕುತ್ತಾರೆ? ಸೀದಾ ಗುಜರಿಗೆ ಹೋಗುತ್ತದೆ.

ನಾನು ತಂದದ್ದು ಮೊಬಿಸ್ (ಹ್ಯುಂಡೈನದ್ದೇ ಬಿಡಿಭಾಗದ ಕಂಪನಿ) ಪ್ಯಾಕೆಟ್‌ನ ಬೆಲ್ಟ್ ಮತ್ತು ಟೆನ್ಷನರ್. ಎರಡೂ ಸೇರಿ ಎರಡು ಸಾವಿರದ ಆಸುಪಾಸು. ಸೀಲುಗಳಿಗೆ ಅದರ ಮೇಲೆ ಸ್ವಲ್ಪ. ಒಂದು ಅಂಗಡಿಯಲ್ಲಿ "ಇದೂ ಅದೇ ಮಾಲು ಸಾರ್, ಅರ್ಧ ರೇಟು" ಅಂತ ಹೆಸರಿಲ್ಲದ ಬೆಲ್ಟೊಂದನ್ನು ಮುಂದಿಟ್ಟರು. ಹಲ್ಲಿನ ಅಂಚು ನೋಡಿದರೇ ಗೊತ್ತಾಗುತ್ತಿತ್ತು, ಒಂದು ಚೂಪು, ಪಕ್ಕದ್ದು ಮೊಂಡು. ಅಲ್ಲೇ ಬಿಟ್ಟು ಬಂದೆ. ಹೊಸ ಬೆಲ್ಟನ್ನು ಮಡಚಬಾರದು, ತಿರುಚಬಾರದು, ಗ್ರೀಸ್ ಕೈಯಲ್ಲಿ ಮುಟ್ಟಬಾರದು. ಒಳಗಿನ ಎಳೆ ಮುರಿದರೆ ಹೊರಗಡೆ ಏನೂ ಕಾಣುವುದಿಲ್ಲ.

ಬ್ಯಾಟರಿಯ ನೆಗೆಟಿವ್ ತೆಗೆದು, ಡ್ರೈವರ್ ಕಡೆಯ ಮುಂದಿನ ಚಕ್ರ ಬಿಚ್ಚಿ, ಆಲ್ಟರ್ನೇಟರ್, ಎಸಿ, ಪವರ್ ಸ್ಟೀರಿಂಗ್ ಬೆಲ್ಟುಗಳನ್ನು ತೆಗೆಯುವವರೆಗೆ ಏನೂ ಕಷ್ಟವಿಲ್ಲ. ಬರೀ ಜಾಕಿ ನಂಬಿ ಕೈ ಹಾಕಬೇಡಿ. ಸ್ಟ್ಯಾಂಡ್ ಇಡಿ, ಬಿಚ್ಚಿದ ಚಕ್ರವನ್ನೂ ಗಾಡಿಯಡಿ ಮಲಗಿಸಿ. ಆ ಕಡೆಯ ಎಂಜಿನ್ ಮೌಂಟ್ ತೆಗೆಯಬೇಕಾದ್ದರಿಂದ ಎಂಜಿನ್ ಆಯಿಲ್ ಚೇಂಬರ್ ಕೆಳಗೆ ಮರದ ತುಂಡಿಟ್ಟು ಇನ್ನೊಂದು ಜಾಕಿ ಕೊಡಬೇಕು.

ಅಸಲಿ ಕುಸ್ತಿ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿನ ಜೊತೆ. ಐದನೇ ಗೇರ್ ಹಾಕಿ, ತಂಗಿಯ ಮಗನನ್ನು ಬ್ರೇಕ್ ಮೇಲೆ ಕೂರಿಸಿದೆ. ಪಾನಾದ ಲಿವರಿಗೆ ತೋಟದ ಜಿಐ ಪೈಪಿನ ತುಂಡು ಸಿಕ್ಕಿಸಿ ಎಳೆದರೆ ಲಿವರ್ ಬಗ್ಗುತ್ತಿದೆ, ಬೋಲ್ಟು ಅಲ್ಲಾಡುತ್ತಿಲ್ಲ. "ಮಾವ, ಗ್ಯಾರೇಜಿಗೇ ಕೊಡೋಣ" ಅಂದ ಅವನು. ತುಕ್ಕು ಬಿಡಿಸುವ ಡಬ್ಲ್ಯೂಡಿ-40 ಸ್ಪ್ರೇ ಹೊಡೆದು, ಊಟ ಮುಗಿಸಿ ಬಂದು, ಪೈಪನ್ನು ಇನ್ನಷ್ಟು ಉದ್ದ ಮಾಡಿದಾಗ ಟಕ್ ಅಂತ ಬಿಟ್ಟಿತು. ಕೆಲವರು ಲಿವರನ್ನು ನೆಲಕ್ಕೆ ಒತ್ತಿಟ್ಟು ಸ್ಟಾರ್ಟರ್ ಹೊಡೆಯುತ್ತಾರೆ. ನೋಡೋಕೆ ಸುಲಭ, ಲಿವರ್ ಜಾರಿದರೆ ಮುಖಕ್ಕೆ ಬರುತ್ತದೆ.

ಬೆಲ್ಟ್ ತೆಗೆಯುವ ಮೊದಲು ಅದು ಕೂರುವ ಎರಡೂ ಹಲ್ಲಿನ ಚಕ್ರಗಳ ಗುರುತು ಕೂಡಿಸಿಕೊಳ್ಳಬೇಕು. ಕ್ಯಾಮ್ ಗುರುತು ಹೆಡ್ಡಿನ ಗುರುತಿಗೆ, ಕ್ರ್ಯಾಂಕ್ ಗುರುತು ಮುಂದಿನ ಕವಚದ ಗುರುತಿಗೆ. ಇದರ ಮೇಲೆ ನಾನು ಬಿಳಿ ಬಣ್ಣವನ್ನೂ ಹಚ್ಚಿಕೊಂಡೆ. ಒಂದು ಹಲ್ಲು ತಪ್ಪಿದರೂ ಗಾಡಿ ಸ್ಟಾರ್ಟ್ ಆಗಿಬಿಡಬಹುದು, ಅದೇ ತೊಂದರೆ. ಪಿಕಪ್ ಇಲ್ಲ, ಮೈಲೇಜ್ ಇಲ್ಲ ಅಂತ ಪ್ಲಗ್ಗು, ಪಂಪು ಬದಲಾಯಿಸುತ್ತಾ ಕೂರುತ್ತೇವೆ.

ಇನ್ನು ಟೆನ್ಷನರ್. ಯಾರಾದರೂ ಒಂದೇ ಒಂದು ವಿಷಯ ಕೇಳಿದರೆ ನಾನು ಹೇಳುವುದು ಇದನ್ನೇ. ಅದಕ್ಕೆ ಎರಡು ಬೋಲ್ಟು, ಅದರಲ್ಲಿ ಒಂದು ಉದ್ದ ತೂತಿನಲ್ಲಿ ಕೂರುತ್ತದೆ. ಬೆಲ್ಟನ್ನು ಎಳೆಯುವ ಕೆಲಸ ಸ್ಪ್ರಿಂಗಿನದು. ನಾವು ಸ್ಕ್ರೂಡ್ರೈವರ್ ಕೊಟ್ಟು ಒತ್ತಬಾರದು. ಬಿಗಿ ಮಾಡುವಾಗ ಮೊದಲು ಉದ್ದ ತೂತಿನ ಬೋಲ್ಟು, ಆಮೇಲೆ ಇನ್ನೊಂದು. ಉಲ್ಟಾ ಮಾಡಿದರೆ ಬೋಲ್ಟಿನ ಜೊತೆ ಟೆನ್ಷನರೂ ತಿರುಗಿ ಬೆಲ್ಟ್ ಜಾಸ್ತಿ ಬಿಗಿಯಾಗುತ್ತದೆ. ಎಷ್ಟೋ ಗಾಡಿಗಳಲ್ಲಿ ಹೊಸ ಬೆಲ್ಟ್ ಹಾಕಿದ ಮರುದಿನವೇ ಕುಯ್ ಅನ್ನುತ್ತದಲ್ಲ, ಅದಕ್ಕೆ ಇಂಥ ಬಿಗಿಯೇ ಕಾರಣವಿರಬಹುದು. ಬೇರಿಂಗ್ ಕೂಡ ಬೇಗ ಹೋಗುತ್ತದೆ.

ಎಲ್ಲ ಆದ ಮೇಲೆ ಕೀ ಮುಟ್ಟುವ ಮೊದಲು ಕ್ರ್ಯಾಂಕನ್ನು ಪಾನಾದಲ್ಲೇ ಎರಡು ಸುತ್ತು ತಿರುಗಿಸಿ. ಕ್ರ್ಯಾಂಕ್ ಎರಡು ಸುತ್ತಿದರೆ ಕ್ಯಾಮ್ ಒಂದು ಸುತ್ತು. ಗುರುತುಗಳು ಮತ್ತೆ ಕೂಡಬೇಕು. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ಬಿಚ್ಚಿ ನೋಡಿ. ಟಾರ್ಕ್ ರೆಂಚ್ ಇಲ್ಲದವರು ಒಂದು ದಿನದ ಮಟ್ಟಿಗೆ ಸಾಲ ತನ್ನಿ, ಬಿಗಿತದ ಅಳತೆ ಸರ್ವಿಸ್ ಮ್ಯಾನುವಲ್‌ನಲ್ಲಿ ಇದೆ.

ಈಗ ಮೂರು ವರ್ಷ, ಸುಮಾರು 30 ಸಾವಿರ ಕಿ.ಮೀ. ಮಳೆಗಾಲ ಮುಗಿದ ಮೇಲೆ ಮೇಲಿನ ಕವರ್ ತೆಗೆದು ನೋಡುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಹಲ್ಲು ಸವೆದಿಲ್ಲ, ಬೆನ್ನಲ್ಲಿ ಬಿರುಕಿಲ್ಲ, ಅಂಚಿನಲ್ಲಿ ನೂಲು ಎದ್ದಿಲ್ಲ. ಬೇರಿಂಗ್ ಸದ್ದೂ ಇಲ್ಲ. ಇದರಲ್ಲಿ ಅರ್ಧ ಪುಣ್ಯ ಸೀಲುಗಳದ್ದು. ನಾನು ಬಿಚ್ಚಿದಾಗ ಹಳೇ ಕ್ರ್ಯಾಂಕ್ ಸೀಲಿನ ಸುತ್ತ ಆಯಿಲ್ ಜಿನುಗಿ ಮಣ್ಣು ಅಂಟಿತ್ತು. ಆಯಿಲ್ ತಾಗಿದ ಬೆಲ್ಟ್ ಯಾವ ಕಂಪನಿಯದ್ದಾದರೂ ಬಾಳುವುದಿಲ್ಲ. ಗ್ಯಾರೇಜಿನಲ್ಲಿ ಬೆಲ್ಟ್ ಬದಲಾಯಿಸಿ ಅಂದರೆ ಬೆಲ್ಟನ್ನಷ್ಟೇ ಬದಲಾಯಿಸುತ್ತಾರೆ. ಅವರ ತಪ್ಪಲ್ಲ, ನಾವು ಹೇಳಿದ್ದೇ ಅಷ್ಟು.

ಪ್ಲಾಸ್ಟಿಕ್ ಕವರನ್ನು ಮಾತ್ರ ವಾಪಸ್ ಹಾಕದೆ ಬಿಡಬೇಡಿ. ಒಂದು ಸಣ್ಣ ಕಲ್ಲು ಹಲ್ಲಿನ ನಡುವೆ ಸಿಕ್ಕಿದರೆ ಸಾಕು.

ಪರಿಚಯದವರು ಕೇಳುತ್ತಿರುತ್ತಾರೆ, ನಮ್ಮ ಗಾಡಿಗೂ ಮಾಡಬಹುದಾ ಅಂತ. ಮಾರುತಿಯ ಕೆ ಸರಣಿಯ ಎಂಜಿನ್, ಹಳೇ ಸ್ವಿಫ್ಟಿನ 1.3 ಡೀಸೆಲ್, ಇವಕ್ಕೆಲ್ಲ ಚೈನ್, ಹಾಗಾಗಿ ಈ ಪ್ರಶ್ನೆಯೇ ಇಲ್ಲ. ಡಸ್ಟರ್‌ನ 1.5 ಡೀಸೆಲ್‌ಗೆ ಬೆಲ್ಟ್ ಇದೆ, ಆದರೆ ಅದೇ ಬೆಲ್ಟ್ ಡೀಸೆಲ್ ಪಂಪನ್ನೂ ತಿರುಗಿಸುತ್ತದೆ. ಕ್ಯಾಮ್ ಮತ್ತು ಕ್ರ್ಯಾಂಕನ್ನು ಅದರದ್ದೇ ಪಿನ್ ಹಾಕಿ ಲಾಕ್ ಮಾಡಬೇಕು. ಆ ಪಿನ್ ಇಲ್ಲದೆ ಬಿಳಿ ಬಣ್ಣ ನಂಬಿಕೊಂಡು ಅದನ್ನು ನಾನಂತೂ ಬಿಚ್ಚುವುದಿಲ್ಲ.