ಗುಡುಗು ಮಳೆ ಸುದ್ದಿಗೆ ರೇಡಾರ್ ಪುಟವೋ, ವಿಂಡಿಯೋ, ದಾಮಿನಿಯೋ?

ಹುಬ್ಬಳ್ಳಿಯ ಕೇಬಲ್ ಚಾನೆಲ್‌ಗೆ ಏಪ್ರಿಲ್-ಮೇ ಮಳೆಯ ಸುದ್ದಿ ಕೊಡಲು ಯಾವುದು ಸಾಕು ಅಂತ ಕೇಳಿದ್ದೀರಿ.

ಈಗ ಮಳೆ ಎಲ್ಲಿದೆ ಎಂದು ಹೇಳಬೇಕಾದರೆ ಹವಾಮಾನ ಇಲಾಖೆಯ ಗೋವಾ ಡಾಪ್ಲರ್ ರೇಡಾರ್ (ರೇಡಿಯೋ ಅಲೆ ಬಿಟ್ಟು ಮಳೆ ಗುರುತಿಸುವ ಯಂತ್ರ) ಪುಟ ನೋಡಿ. ಅದು ಊಹೆಯಲ್ಲ, ನಿಜವಾಗಿ ಕಂಡದ್ದು. ಆದರೆ ದೂರ ಹೋದಂತೆ ರೇಡಾರ್ ಕಿರಣ ನೆಲದಿಂದ ಮೇಲೇರುತ್ತದೆ, ನಡುವೆ ಘಟ್ಟ ಬೇರೆ. ಗದಗದ ಕಡೆ ಮೋಡದ ಕೆಳಭಾಗ ತಪ್ಪಬಹುದು. ಚಿತ್ರ ಖಾಲಿ ಇದೆ ಅಂತ ‘ಮಳೆ ಇಲ್ಲ’ ಎಂದು ಓದಿಬಿಡಬೇಡಿ. ಗದಗ ಜಿಲ್ಲೆಯ ಮುಂಡರಗಿಯಲ್ಲಿ ಪರಿಚಯದವರಿದ್ದರೆ ಒಂದು ಫೋನ್ ಹಾಕಿ.

ಹವಾಮಾನ ನಕ್ಷೆ ತೋರಿಸುವ ವಿಂಡಿ ಜಾಲತಾಣ ಪರದೆಯ ಮೇಲೆ ಚೆಂದ. ಆದರೆ ಅಲ್ಲಿ ಓಡುವ ಬಣ್ಣ ಹೆಚ್ಚಾಗಿ ಕಂಪ್ಯೂಟರ್ ಮುನ್ಸೂಚನೆ ಮಾದರಿಯ ಲೆಕ್ಕ, ಜನ ಅದನ್ನು ಸುಮ್ನೆ ರೇಡಾರ್ ಅಂದುಕೊಳ್ಳುತ್ತಾರೆ. ನಾಳೆ, ನಾಡಿದ್ದಿನ ಮಾತಿಗೆ ಸರಿ. ಸಂಜೆ 4ಕ್ಕೆ ಹುಟ್ಟಿ 5ಕ್ಕೆ ಸುರಿಯುವ ಅಡ್ಡಮಳೆಗೆ ನಾನಂತೂ ನಂಬುವುದಿಲ್ಲ.

ಸಿಡಿಲಿಗೆ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ರೂಪಿಸಿದ ದಾಮಿನಿ ಆ್ಯಪ್. ಹೊಲದಲ್ಲಿರುವವರಿಗೆ ಎಚ್ಚರಿಕೆ ಕೊಡಲು ಇದೇ ಬೇಕು. ಮಳೆ ಎಷ್ಟು ಎನ್ನುವುದು ಇದರಲ್ಲಿ ಸಿಗದು.

ಖರ್ಚು ದೊಡ್ಡ ಮಾತಲ್ಲ. ವಿಂಡಿಯ ಹೆಚ್ಚಿನ ಸೌಲಭ್ಯಕ್ಕೆ ಮಾತ್ರ ಚಂದಾ. ಪ್ರಸಾರಕ್ಕೆ ಬಳಸುವ ಮುನ್ನ ಷರತ್ತು ಓದಿ.

ಒಬ್ಬರೇ ಕೂತಿದ್ದರೆ ರೇಡಾರ್, ದಾಮಿನಿ ಸಾಕು. ರಾತ್ರಿ ವಾರ್ತೆಗೆ ನಾಳಿನ ನೋಟ ಬೇಕಿದ್ದರೆ ವಿಂಡಿ ಸೇರಿಸಿ.