1/48 ಅಂತ ಹೇಳಿ 1/55ರ ನಕಲು ಕಳಿಸಿದರು: ವಾಲ್ಕಿರಿ ಕೊಳ್ಳುವವರು ಇದನ್ನು ಓದಿ

ಮ್ಯಾಕ್ರಾಸ್ ವಾಲ್ಕಿರಿ ಆಟಿಕೆ ಸಂಗ್ರಹಿಸುವವರು, ಅದರಲ್ಲೂ ಈಗಷ್ಟೇ ಶುರು ಮಾಡಿರುವವರು, ಆನ್‌ಲೈನಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವ ಮುಂಚೆ ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ 18 ಸಾವಿರ ರೂಪಾಯಿ ಹೋಗಿದೆ. ಮಾರಿದವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ಅದರ ಪಾಡಿಗೆ ನಡೆಯಲಿ. ಹೇಗಿದ್ದರೂ ಹೊಸ ಹೆಸರಿನಲ್ಲಿ ಬರುವುದು ಅಂಥವರಿಗೆ ಐದು ನಿಮಿಷದ ಕೆಲಸ. ಮೋಸದ ರೀತಿ ಮಾತ್ರ ಅಷ್ಟು ಬೇಗ ಬದಲಾಗುವುದಿಲ್ಲ. ಅದಕ್ಕೇ ಆ ರೀತಿಯನ್ನೇ ಬಿಡಿಸಿ ಹೇಳುತ್ತೇನೆ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. 1982ರ ಅಕ್ಟೋಬರಿನಲ್ಲಿ ಜಪಾನಿನ ಟಿವಿಯಲ್ಲಿ ಮ್ಯಾಕ್ರಾಸ್ ಅನ್ನುವ ಕಾರ್ಟೂನ್ ಸರಣಿ ಶುರುವಾಯಿತು. ಅದರಲ್ಲಿ ಬರುವ ಯುದ್ಧವಿಮಾನ ವಿಎಫ್-1 ವಾಲ್ಕಿರಿ, ಶೋಜಿ ಕವಾಮೊರಿ ಅವರ ವಿನ್ಯಾಸ. ದೂರದಿಂದ ನೋಡಿದರೆ ಅಮೆರಿಕದ ಎಫ್-14 ಟಾಮ್‌ಕ್ಯಾಟ್ ಥರವೇ ಇದೆ. ಆದರೆ ಇದಕ್ಕೆ ಮೂರು ರೂಪ. ಒಂದು ವಿಮಾನ. ಇನ್ನೊಂದು ಕೈಕಾಲು ಬಂದ ಅರ್ಧ ವಿಮಾನ, ಅದಕ್ಕೆ ಗರ್ವಾಕ್ ಅನ್ನುತ್ತಾರೆ. ಮೂರನೆಯದು ನೆಟ್ಟಗೆ ನಿಲ್ಲುವ ರೋಬೋ, ಬ್ಯಾಟ್ರಾಯ್ಡ್. ವಿಮಾನದ ಎರಡು ಇಂಜಿನ್ನುಗಳೇ ಕಾಲಾಗುತ್ತವೆ, ಹೊಗೆ ಬಿಡುವ ಕೊಳವೆಗಳೇ ಪಾದ. ಆಟಿಕೆಯಲ್ಲೂ ಇದೇ ಆಗಬೇಕು, ಭಾಗ ಕಿತ್ತು ಜೋಡಿಸದೆ ಆಗಬೇಕು. ಅದೇ ಇದರ ಮಜ. ನಾನು ಇದಕ್ಕೆ ಬಿದ್ದದ್ದೂ ಅದಕ್ಕೇ.

ಈಗ ಸ್ಕೇಲ್ ವಿಷಯ. ಮೋಸ ನಡೆದದ್ದೇ ಇಲ್ಲಿ, ಹಾಗಾಗಿ ನಿಧಾನವಾಗಿ ಓದಿ.

ಕಥೆಯ ಪ್ರಕಾರ ವಿಎಫ್-1 ವಿಮಾನದ ಉದ್ದ 14.23 ಮೀಟರ್. ರೋಬೋ ಆಗಿ ನಿಂತರೆ ಎತ್ತರ 12.68 ಮೀಟರ್. ಸ್ಕೇಲ್ ಅಂದರೆ ಇದನ್ನು ಎಷ್ಟರಿಂದ ಭಾಗಿಸಿದ್ದಾರೆ ಅನ್ನುವುದು, ಅಷ್ಟೇ. 1/48ರಲ್ಲಿ ವಿಮಾನ ಸುಮಾರು 30 ಸೆಂ.ಮೀ. ಇರುತ್ತದೆ, ರೋಬೋ 26 ಸೆಂ.ಮೀ. 1/55ರಲ್ಲಿ ವಿಮಾನ 26, ರೋಬೋ 23. 1/60ರಲ್ಲಿ ವಿಮಾನ 24ರ ಹತ್ತಿರ, ರೋಬೋ 21. 1/100 ಆದರೆ ವಿಮಾನವೇ 14 ಚಿಲ್ಲರೆ, ಅಂಗೈ ಮೇಲೆ ಕೂರುತ್ತದೆ. ಆಟಿಕೆ ಮಾಡುವವರು ಅಲ್ಲಲ್ಲಿ ಸ್ವಲ್ಪ ಹೆಚ್ಚು ಕಮ್ಮಿ ಮಾಡುತ್ತಾರೆ. ಆದರೂ 3 ಸೆಂ.ಮೀ. ತಪ್ಪುವಷ್ಟು ಅಲ್ಲ.

ಇದರಲ್ಲಿ ಒಂದು ಅಂಕಿ ಎರಡು ಸಲ ಬಂತು, ಗಮನಿಸಿದಿರಾ? 26. ಅದು 1/48 ರೋಬೋದ ಎತ್ತರವೂ ಹೌದು, 1/55 ವಿಮಾನದ ಉದ್ದವೂ ಹೌದು. ನನಗೆ ಮಾರಿದ ವ್ಯಕ್ತಿಗೆ ಇದು ಚೆನ್ನಾಗಿ ಗೊತ್ತಿತ್ತು.

ಜಾಹೀರಾತಿನಲ್ಲಿ ಇದ್ದದ್ದು ಹೀಗೆ: ವಿಎಫ್-1ಎಸ್, ರಾಯ್ ಫೋಕರ್ ಬಣ್ಣ, 1/48, ಜಪಾನ್ ಒರಿಜಿನಲ್, ಲೂಸ್ ಪೀಸ್, ಬಾಕ್ಸ್ ಇಲ್ಲ, ಒಂದು ಸಲವೂ ತಿರುಗಿಸಿಲ್ಲ (ಅಂದರೆ ರೂಪ ಬದಲಿಸಿಲ್ಲ). ರಾಯ್ ಫೋಕರ್ ಸರಣಿಯಲ್ಲಿ ಬರುವ ಒಬ್ಬ ಪೈಲಟ್. ಅವನ ವಾಲ್ಕಿರಿ ಅಂದರೆ ಬಿಳಿ ಮೈಮೇಲೆ ಹಳದಿ, ಕಪ್ಪು ಪಟ್ಟೆ, ಬಾಲದ ಮೇಲೆ ತಲೆಬುರುಡೆ ಗುರುತು. ನೋಡಿದವರಿಗೆಲ್ಲ ಬೇಕು ಅನಿಸುವ ಬಣ್ಣ. ಫೋಟೊಗಳೂ ಚೆನ್ನಾಗಿದ್ದವು. ಅವೆಲ್ಲ ನಿಜವಾದ 1/48ರ ಫೋಟೊಗಳೇ. ಬೇರೆ ಯಾರದೋ ಸಂಗ್ರಹದ್ದು, ಹಳೇ ಫೋಟೊಗಳು ಅಂತ ಆಮೇಲೆ ಗೊತ್ತಾಯಿತು.

ಅಳತೆ ಕೇಳಿದೆ. "26 ಸೆಂ.ಮೀ. ಸರ್, ಟೇಪ್ ಇಟ್ಟೇ ನೋಡಿದೀನಿ" ಅಂತ ಉತ್ತರ ಬಂತು. "ರೋಬೋ ನಿಲ್ಲಿಸಿದಾಗ ಅಲ್ವಾ?" ಅಂತ ಖಚಿತ ಮಾಡಿಕೊಂಡೆ. "ಹೌದು ಸರ್, ಜಪಾನ್ ಪೀಸು, ಡೌಟೇ ಬೇಡ" ಅಂದರು. ಇವತ್ತಿನ ತಾರೀಕು ಬರೆದ ಚೀಟಿ ಪಕ್ಕದಲ್ಲಿಟ್ಟು ಒಂದು ಫೋಟೊ ಕಳಿಸಿ ಅಂದೆ. ಅದನ್ನೂ ಕಳಿಸಿದರು. ಆ ಫೋಟೊದಲ್ಲಿ ಇದ್ದದ್ದು ತಲೆ ಮಾತ್ರ. ತೀರಾ ಹತ್ತಿರದಿಂದ ತೆಗೆದದ್ದು, ಪಕ್ಕದಲ್ಲಿ ಚೀಟಿಯ ಮೂಲೆ. ತಲೆಯ ಮೇಲೆ ನಾಲ್ಕು ಲೇಸರ್ ಕೊಳವೆ ಕಾಣುತ್ತಿತ್ತು. ವಿಎಫ್-1ರ ಎಸ್ ಮಾದರಿಗೆ ನಾಲ್ಕು, ಜೆ ಮಾದರಿಗೆ ಎರಡು, ಎ ಮಾದರಿಗೆ ಒಂದು. ಲೆಕ್ಕ ಸರಿ ಇತ್ತು. ಆದರೆ ಅಷ್ಟು ಹತ್ತಿರದ ಫೋಟೊದಲ್ಲಿ 1/48ರ ತಲೆಗೂ 1/55ರ ತಲೆಗೂ ಯಾರು ವ್ಯತ್ಯಾಸ ಹೇಳಬಲ್ಲರು? ಬೇಕೆಂದೇ ಹಾಗೆ ತೆಗೆದಿದ್ದರು.

ಅರ್ಧ ದುಡ್ಡು ಮೊದಲು, ಉಳಿದದ್ದು ಕೊರಿಯರ್ ರಸೀದಿ ಕಳಿಸಿದ ಮೇಲೆ ಅಂತ ಮಾತಾಗಿತ್ತು. ರಸೀದಿ ಬಂತು, ಉಳಿದದ್ದನ್ನೂ ಯುಪಿಐಯಲ್ಲಿ ಹಾಕಿದೆ. ಅಲ್ಲಿಯವರೆಗೆ ಕೇಳಿದ ತಕ್ಷಣ ಉತ್ತರ ಕೊಡುತ್ತಿದ್ದರು.

ಪಾರ್ಸೆಲ್ ಬಿಚ್ಚುವುದನ್ನು ವಿಡಿಯೊ ಮಾಡಿದ್ದೇನೆ. ಬಬಲ್ ಶೀಟ್ ಬಿಡಿಸಿದ ಕೂಡಲೇ ಏನೋ ಸರಿ ಇಲ್ಲ ಅನಿಸಿತು. ಟೇಪ್ ಹಿಡಿದೆ. ಮೂತಿಯಿಂದ ಬಾಲದವರೆಗೆ 26 ಸೆಂ.ಮೀ., ಒಂದು ಕೂದಲೆಳೆಯೂ ಹೆಚ್ಚಿಲ್ಲ. ಅಂದರೆ 1/55. ಅದೂ ಅಸಲಿ ಅಲ್ಲ. ಮೈಮೇಲೆ ಎಲ್ಲೂ ಕಂಪನಿಯ ಅಚ್ಚು ಇಲ್ಲ. ಕಾಲಿನ ಎರಡು ಅರ್ಧಗಳು ಕೂಡುವಲ್ಲಿ ಉಗುರು ತೂರುವಷ್ಟು ಸಂದು. ಬಾಲದ ತಲೆಬುರುಡೆ ಬಣ್ಣದಲ್ಲಿ ಅಚ್ಚಾದದ್ದಲ್ಲ, ಸ್ಟಿಕ್ಕರ್, ಅದರ ಒಂದು ಮೂಲೆ ಆಗಲೇ ಎದ್ದಿತ್ತು. "ಒಂದು ಸಲವೂ ತಿರುಗಿಸಿಲ್ಲ" ಅಂದಿದ್ದರಲ್ಲ, ಸೊಂಟದ ಹತ್ತಿರದ ಸ್ಕ್ರೂಗಳ ತಲೆಯ ಗೀರೇ ಸವೆದು ಹೋಗಿತ್ತು. ಯಾರೋ ಬಿಚ್ಚಿ, ಸರಿ ಮಾಡಿ, ಮತ್ತೆ ಬಿಗಿದಿದ್ದಾರೆ. ಎಡ ಭುಜದ ಕೀಲಿನ ಸುತ್ತ ಒಣಗಿದ ಗೋಂದು, ಅದರ ಮೇಲೆ ಬಿಳಿ ಬಣ್ಣ. ಇಂಜಿನ್ನುಗಳನ್ನು ಮೆಲ್ಲಗೆ ಕೆಳಗೆ ಎಳೆದೆ. ಗರ್ವಾಕ್‌ಗೆ ಬರುವ ಮುಂಚೆಯೇ ಬಲಗಾಲಿನ ಕೀಲು ಟಪ್ ಅಂದು ಕೈಗೆ ಬಂತು.

ಕೂಡಲೇ ಫೋನ್ ಮಾಡಿದೆ. ಆ ಕಡೆಯಿಂದ ಬಂದ ಮಾತು ನೋಡಿ: "ಸರ್, ನಾನು 26 ಅಂದೆ. 26 ಇದೆ ಅಲ್ವಾ? ಸ್ಕೇಲು ಒಬ್ಬೊಬ್ಬರು ಒಂದೊಂದು ಥರ ಲೆಕ್ಕ ಹಾಕ್ತಾರೆ." ಸುಳ್ಳು. ಭಾಗಾಕಾರಕ್ಕೆ ಒಂದೊಂದು ಥರ ಅಂತಿಲ್ಲ. ರೋಬೋ ಎತ್ತರ ಅಂತ ಹೌದೆಂದದ್ದು ಮೆಸೇಜಿನಲ್ಲೇ ಇದೆ, ಅದನ್ನು ತೋರಿಸಿದೆ. ಮುರಿದ ಕಾಲಿನ ಬಗ್ಗೆ, "ನೀವೇ ಜೋರಾಗಿ ಎಳೆದಿದೀರ" ಅಂದರು. ವಿಡಿಯೊ ಇದೆ ಅಂದೆ. ಅದಾದ ಮೇಲೆ ಬ್ಲಾಕ್.

ನನಗೆ ಸಿಟ್ಟು ಬರುವುದು ದುಡ್ಡಿಗಷ್ಟೇ ಅಲ್ಲ. 1/55 ಅನ್ನುವುದು ಕೀಳಾದ ಸ್ಕೇಲ್ ಅಲ್ಲವೇ ಅಲ್ಲ. ಈ ಆಟಿಕೆಗಳ ಕಥೆ ಶುರುವಾಗುವುದೇ ಅಲ್ಲಿಂದ. ಮೊದಲು ಟಕಾಟೊಕು ಕಂಪನಿ ಮಾಡಿದ್ದು 1/55ನ್ನೇ. ಕಾಲಿನಲ್ಲಿ ಲೋಹ, ಕೈಯಲ್ಲಿ ಹಿಡಿದರೆ ಭಾರ. ಏನನ್ನೂ ಕೀಳದೆ ಪೂರ್ತಿ ರೂಪ ಬದಲಿಸುತ್ತಿತ್ತು. 1984ರಲ್ಲಿ ಆ ಕಂಪನಿ ದಿವಾಳಿಯಾಯಿತು. ಅಚ್ಚುಗಳು ಬಂದಾಯ್ ಕಂಪನಿಯ ಕೈಗೆ ಬಂದವು. 1985ರಲ್ಲಿ ಅಮೆರಿಕದ ಹ್ಯಾಸ್ಬ್ರೊ ಟ್ರಾನ್ಸ್‌ಫಾರ್ಮರ್ಸ್ ಸಾಲಿನಲ್ಲಿ ಜೆಟ್‌ಫೈರ್ ಅಂತ ಮಾರಿದ್ದೂ ಇದೇ ಅಚ್ಚಿನ ಆಟಿಕೆ. ಅಷ್ಟು ಹೆಸರು ಮಾಡಿದ್ದರಿಂದಲೇ ಇದರ ನಕಲುಗಳು ಲೆಕ್ಕವಿಲ್ಲದಷ್ಟು ಬಂದವು. ಈಗಲೂ ಮಾರುಕಟ್ಟೆಯಲ್ಲಿ ಸುತ್ತುತ್ತಿವೆ. 1/55ರ ನಕಲನ್ನು 1/55ರ ನಕಲು ಅಂತಲೇ ಹೇಳಿ ಕಡಿಮೆ ಬೆಲೆಗೆ ಮಾರಿದರೆ ನನ್ನ ತಕರಾರಿಲ್ಲ. ಮಗುವಿಗೆ ಆಡಲು ಯಾರಾದರೂ ತೆಗೆದುಕೊಳ್ಳಬಹುದು. ಅದನ್ನೇ 1/48 ಅಂತ ಹೇಳಿ ಹತ್ತು ಪಟ್ಟು ಬೆಲೆ ಕೀಳುವುದು ಹಗಲು ದರೋಡೆ.

1/48ಕ್ಕೆ ಅಷ್ಟು ಬೆಲೆ ಯಾಕೆ ಅನ್ನುವುದಕ್ಕೂ ಕಾರಣ ಇದೆ. 2001ರಲ್ಲಿ ಯಮಾಟೊ ಕಂಪನಿ 1/60ರಲ್ಲಿ ವಿಎಫ್-1 ತಂದಿತ್ತು. ನೋಡಲು ಚೆಂದ, ಆದರೆ ರೋಬೋ ಮಾಡಬೇಕಾದರೆ ಕಾಲನ್ನು ಬಿಚ್ಚಿ ಬೇರೆ ಕಡೆ ಸಿಕ್ಕಿಸಬೇಕಿತ್ತು. ಮರುವರ್ಷ ಅವರದೇ 1/48 ಬಂತು. ಗಾತ್ರವೂ ದೊಡ್ಡದು, ಕಾಲು ಬಿಚ್ಚುವ ಕೆಲಸವೂ ಇಲ್ಲ. ಎಷ್ಟೋ ಜನ ಆಗಲೇ ಈ ಹವ್ಯಾಸಕ್ಕೆ ಬಂದದ್ದು. ಕಾಲು ಬಿಚ್ಚದ ಹೊಸ 1/60 ಬಂದದ್ದು 2008ರಲ್ಲಿ. ಆಮೇಲೆ ಯಮಾಟೊ ಹೋಗಿ ಆರ್ಕೇಡಿಯಾ ಕಂಪನಿ ಬಂತು. ಬಂದಾಯ್ ಕೂಡ ತನ್ನ ಡಿಎಕ್ಸ್ ಚೊಗೊಕಿನ್ ಸಾಲಿನಲ್ಲಿ 1/48 ವಿಎಫ್-1 ಮಾಡಿತು.

ಅಂದರೆ "1/60 ವಿಎಫ್-1" ಅಂತ ಯಾರಾದರೂ ಹಾಕಿದರೆ ಅಷ್ಟಕ್ಕೇ ಒಪ್ಪಬೇಡಿ. ಯಾವ 1/60? ಕಾಲು ಬಿಚ್ಚುವ ಹಳೆಯದೋ, ಬಿಚ್ಚದ ಹೊಸದೋ? ಬೆಲೆಯಲ್ಲಿ ಅಜಗಜಾಂತರ. ಹಳೇದಕ್ಕೆ ಹೊಸದರ ಬೆಲೆ ಹೇಳುವವರನ್ನು ನಾನೇ ಕಂಡಿದ್ದೇನೆ. ಇನ್ನೂ ಒಂದು. ಕಾಲು ಬಿಚ್ಚದ ಹೊಸ 1/60ಗಳಲ್ಲಿ ಮೊದಮೊದಲು ಬಂದವುಗಳ ಭುಜದ ಕೀಲು ಬಿರುಕು ಬಿಡುವುದು ಸಂಗ್ರಹಕಾರರಿಗೆಲ್ಲ ಗೊತ್ತಿರುವ ವಿಷಯ. ಭುಜವನ್ನು ನಾಲ್ಕೂ ಕಡೆಯಿಂದ ತೆಗೆದ ಫೋಟೊ ಕೇಳದೆ ದುಡ್ಡು ಕೊಡಬೇಡಿ. ಬಿಳಿ ಪ್ಲಾಸ್ಟಿಕ್ ಹಳದಿಗೆ ತಿರುಗಿದೆಯಾ ಅಂತ ನೋಡಬೇಕಾದರೆ ಹಗಲು ಬೆಳಕಿನ ಫೋಟೊ ಬೇಕು. ಟ್ಯೂಬ್‌ಲೈಟ್ ಕೆಳಗೆ ಎಲ್ಲವೂ ಬೆಳ್ಳಗೇ ಕಾಣುತ್ತದೆ.

ಟೋಕಿಯೊದಲ್ಲಿ ಕೆಲಸ ಮಾಡುವ ನಮ್ಮ ಚಿಕ್ಕಪ್ಪನ ಮಗನಿಗೆ ಇದನ್ನೆಲ್ಲ ಹೇಳಿದಾಗ ಅವನಿಗೆ ಆಶ್ಚರ್ಯ. ಅಲ್ಲಿ ನಕಾನೊ ಬ್ರಾಡ್‌ವೇಯಲ್ಲಿ ಹಳೇ ಆಟಿಕೆ ಮಾರುವ ಅಂಗಡಿಗಳೇ ಸಾಲಾಗಿವೆ. ಪ್ರತಿ ಪೀಸಿನ ಮೇಲೂ ಒಂದು ಚೀಟಿ ಅಂಟಿಸಿರುತ್ತಾರಂತೆ. ಬಾಕ್ಸ್ ಹರಿದಿದೆ, ಗನ್ ಇಲ್ಲ, ಬಣ್ಣ ಮಾಸಿದೆ, ಹೀಗೆ. "ಅಣ್ಣಾ, ಕೀಲು ಸಡಿಲ ಇದ್ರೆ ಅದನ್ನೂ ಬರೀತಾರೆ ಕಣೋ" ಅಂದ. ಇಲ್ಲಿ ಮಾರುವವರೂ ಹಾಗೆ ಮಾಡಬೇಕು ಅಂತ ನಾನು ಕೇಳುತ್ತಿರುವುದು ದೊಡ್ಡ ವಿಷಯವೇನಲ್ಲ. ಇವುಗಳನ್ನು ಮಾರುವ ಆನ್‌ಲೈನ್ ಗುಂಪುಗಳನ್ನು ನಡೆಸುವವರು ಒಂದು ನಿಯಮ ತಂದರೆ ಸಾಕು: ಎರಡು ರೂಪದಲ್ಲೂ ಟೇಪ್ ಇಟ್ಟ ಫೋಟೊ ಇಲ್ಲದಿದ್ದರೆ ಪೋಸ್ಟ್ ಹಾಕುವಂತಿಲ್ಲ.

ಎರಡು ರೂಪ ಅಂತ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಒಂದೇ ಅಂಕಿ ಕೊಟ್ಟರೆ ತಪ್ಪಿಸಿಕೊಳ್ಳಲು ದಾರಿ ಇರುತ್ತದೆ. ವಿಮಾನ ಮಲಗಿಸಿ ಒಂದು, ರೋಬೋ ನಿಲ್ಲಿಸಿ ಒಂದು. ಎರಡೂ ಅಳತೆ ಹೊಂದಬೇಕು ಅಂದರೆ ಸ್ಕೇಲ್ ಬಗ್ಗೆ ಸುಳ್ಳು ಹೇಳುವುದು ಕಷ್ಟ. ಟೇಪಿನ ಸೊನ್ನೆಯೂ ಕಾಣಬೇಕು, ಕೊನೆಯೂ ಕಾಣಬೇಕು. ತಾರೀಕಿನ ಚೀಟಿ ಅದೇ ಫೋಟೊದಲ್ಲಿ ಇರಬೇಕು, ಪೂರ್ತಿ ಆಟಿಕೆಯೂ ಅದೇ ಫೋಟೊದಲ್ಲಿ ಇರಬೇಕು. ಸಾಧ್ಯವಾದರೆ ವಿಡಿಯೊ ಕಾಲ್‌ನಲ್ಲಿ ವಿಮಾನದಿಂದ ರೋಬೋಗೆ ತಿರುಗಿಸಿ ತೋರಿಸಲು ಹೇಳಿ. "ಮುರಿಯುತ್ತೆ, ತಿರುಗಿಸಲ್ಲ" ಅಂದರೆ ಆ ಪೀಸ್ ನಿಮಗೆ ಬೇಡ. ಜಾಹೀರಾತಿನ ಫೋಟೊಗಳನ್ನು ಗೂಗಲ್ ಲೆನ್ಸ್‌ಗೆ ಹಾಕಿ ನೋಡಿ, ಬೇರೆಲ್ಲಾದರೂ ಸಿಕ್ಕರೆ ಅಲ್ಲಿಗೇ ಮಾತು ನಿಲ್ಲಿಸಿ.

ಹಾಗಾದರೆ ಹೊರಗಿನಿಂದಲೇ ತರಿಸೋಣ ಅಂತ ಕೆಲವರು ಕೇಳಿದರು. ತರಿಸಬಹುದು, ಆದರೆ ಸುಂಕದ ಲೆಕ್ಕ ಮೊದಲೇ ಹಾಕಿಕೊಳ್ಳಿ. ಆಟಿಕೆ ಆಮದಿನ ಮೂಲ ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. ಅದರ ಮೇಲೆ ಜಿಎಸ್‌ಟಿ ಬೇರೆ. 2021ರ ಜನವರಿಯಿಂದ ಆಟಿಕೆಗಳಿಗೆ ಬಿಐಎಸ್‌ನ ಗುಣಮಟ್ಟದ ಗುರುತೂ ಕಡ್ಡಾಯವಾಗಿದೆ. ಒಂದೇ ಒಂದು ಪೀಸ್ ಸ್ವಂತಕ್ಕೆ ತರಿಸುವಾಗ ಕಸ್ಟಮ್ಸ್‌ನವರು ಹಾಕುವ ಲೆಕ್ಕ ಬೇರೆ ಇರಬಹುದು. ಅಂಗಡಿಯ ಬೆಲೆಯೇ ಕೊನೆಯ ಬೆಲೆ ಅಂದುಕೊಳ್ಳಬೇಡಿ, ಅಷ್ಟೇ. ಇಲ್ಲಿ ಮೋಸ ಮಾಡುವವರಿಗೆ ಮಾರುಕಟ್ಟೆ ಸಿಕ್ಕಿರುವುದೂ ಇದರಿಂದಲೇ. ಹೊರಗಿನಿಂದ ತರಿಸಲು ಹೆದರಿದವರು, "ಇಲ್ಲೇ ಬೆಂಗಳೂರಲ್ಲೇ ಇದೆ" ಅಂದ ಕೂಡಲೇ ನಂಬುತ್ತಾರೆ.

ದುಡ್ಡು ಹೋದವರಿಗೆ: 1930ಕ್ಕೆ ಕರೆ ಮಾಡಿ, ಆನ್‌ಲೈನ್ ಹಣದ ಮೋಸಕ್ಕೆ ಇರುವ ಸಹಾಯವಾಣಿ ಅದು. ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಮೆಸೇಜುಗಳ ಸ್ಕ್ರೀನ್‌ಶಾಟ್, ಯುಪಿಐ ವ್ಯವಹಾರದ ಸಂಖ್ಯೆ, ಕೊರಿಯರ್ ರಸೀದಿ, ಪಾರ್ಸೆಲ್ ಬಿಚ್ಚಿದ ವಿಡಿಯೊ ಎಲ್ಲ ಜೋಪಾನ ಮಾಡಿ. ಬ್ಲಾಕ್ ಮಾಡುವ ಮುಂಚೆ ಅವರು ಮೆಸೇಜ್ ಅಳಿಸುತ್ತಾರೆ, ನನಗೂ ಒಂದಷ್ಟು ಅಳಿಸಿದರು. ಅಂಗಡಿ ಅಂತ ಹೇಳಿಕೊಂಡು ವ್ಯಾಪಾರ ಮಾಡುವವರಾದರೆ ಗ್ರಾಹಕರ ಸಹಾಯವಾಣಿ 1915 ಕೂಡ ಇದೆ. ನನ್ನ ಬ್ಯಾಂಕಿನಲ್ಲಿ, "ನೀವೇ ಪಿನ್ ಹಾಕಿ ಕಳಿಸಿದ್ದೀರಲ್ಲ" ಅಂತ ಕೈ ಚೆಲ್ಲಿದರು. ದೂರು ಇನ್ನೂ ತನಿಖೆಯಲ್ಲಿದೆ.

ಆ ಜಾಹೀರಾತು ಹೋದ ವಾರ ಬೇರೆ ಹೆಸರಿನಲ್ಲಿ ಮತ್ತೆ ಕಂಡಿತು. ಈ ಸಲ ವಿಎಫ್-1ಜೆ, ಕೆಂಪು ಪಟ್ಟೆಯದು. ಬರಹ ಮಾತ್ರ ಅಕ್ಷರ ಬಿಡದೆ ಅದೇ: ಲೂಸ್ ಪೀಸ್, ಬಾಕ್ಸ್ ಇಲ್ಲ, ಒಂದು ಸಲವೂ ತಿರುಗಿಸಿಲ್ಲ, 26 ಸೆಂ.ಮೀ. ನಿಮಗೂ ಇಂಥದ್ದು ಕಂಡರೆ ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿ, ದೂರಿನ ಜೊತೆ ಸೇರಿಸುತ್ತೇನೆ. ಇದೇ ವ್ಯಕ್ತಿಗೆ ಈಗಾಗಲೇ ಮುಂಗಡ ಕೊಟ್ಟಿರುವವರಿದ್ದರೆ ಉಳಿದ ದುಡ್ಡನ್ನು ಹಾಕಬೇಡಿ.